ಇಂಗ್ಲಿಷೂ ಮರಾಠಿಯೂ, ನಡುವೆ ನಾನೂ

ಮನೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು, ಮೆಟ್ಟಿಲಿಳಿದರೆ ಮರಾಠಿ. ಹೀಗೆ ದಿನವಿಡೀ ನಾಲಿಗೆ ಬದಲಿಸುತ್ತ ಓಡಾಡುವವರಿಗೆ ಎಡವಟ್ಟು ಆಗದೆ ಇನ್ನೇನಾಗುತ್ತದೆ? ಇದು ಸಾಲದೆಂದು ನಾನು ಇಂಗ್ಲಿಷ್ ಮತ್ತು ಮರಾಠಿ ಕಾವ್ಯ-ನಾಟಕಗಳ ತೌಲನಿಕ ಅಧ್ಯಯನ ಎಂಬ ಪಿಎಚ್.ಡಿ.ಯನ್ನು ಬೇರೆ ಕೊರಳಿಗೆ ಕಟ್ಟಿಕೊಂಡೆ. ಮದುವೆಯಾಗಿ ಗದಗಿನ ಕಡೆಯಿಂದ ಪುಣೆಗೆ ಬಂದವಳು ನಾನು. ಇಲ್ಲಿ ಮೊದಲ ಸಲ ಮರಾಠಿ ನಾಟಕ ನೋಡಿದ ದಿನವೇ ಹುಚ್ಚು ಹತ್ತಿತು. ಆ ಹುಚ್ಚು ಇಳಿಯಲಿಲ್ಲ, ಇಂಥ ಪ್ರಸಂಗಗಳೂ ನಿಲ್ಲಲಿಲ್ಲ.

ಬಂದವರು ಯಾರು?

ನನ್ನ ಮಾರ್ಗದರ್ಶಕಿ ಅಪ್ಪಟ ಪುಣೇರಿ ಮರಾಠಿ ಮ್ಯಾಡಂ. ಮಾತು ಕಡಿಮೆ, ಕನ್ನಡಕದ ಮೇಲಿನಿಂದ ನೋಡುವುದು ಜಾಸ್ತಿ. ಮೊದಲ ಭೇಟಿಗೆ ಹೋದಾಗ ಮರಾಠಿಯಲ್ಲೇ ಮಾತಾಡಿ ಮೆಚ್ಚಿಸಬೇಕೆಂದು ಬಾಗಿಲಲ್ಲಿ ನಿಂತು ಗಟ್ಟಿಯಾಗಿ, "ಮ್ಯಾಡಂ, ಮೀ ಆಲೋ!" ಅಂದೆ.

ನಮ್ಮ ಕನ್ನಡದಲ್ಲಿ ಗಂಡಸು ಬಂದರೂ 'ಬಂದೆ', ಹೆಂಗಸು ಬಂದರೂ 'ಬಂದೆ'. ಮರಾಠಿಯಲ್ಲಿ ಹಾಗಲ್ಲ. ಗಂಡಸು 'ಮೀ ಆಲೋ' ಅನ್ನಬೇಕು, ಹೆಂಗಸು 'ಮೀ ಆಲೇ' ಅನ್ನಬೇಕು. ಗಡಿಬಿಡಿಯಲ್ಲಿ ನನಗೆ ಗಂಡಸಿನದೇ ಬಾಯಿಗೆ ಬಂದಿತ್ತು.

ಮ್ಯಾಡಂ ಕತ್ತು ಉದ್ದ ಮಾಡಿ ನನ್ನ ಬೆನ್ನ ಹಿಂದೆ ಇಣುಕಿ ನೋಡಿದರು. "ಯಜಮಾನರೂ ಬಂದಿದ್ದಾರಾ? ಒಳಗೆ ಕರೀರಿ, ಹೊರಗ್ಯಾಕೆ ನಿಲ್ಲಿಸಿದ್ದೀರಿ?"

"ಇಲ್ಲ ಮ್ಯಾಡಂ, ಅವರು ಚಾಕಣದ ಫ್ಯಾಕ್ಟರಿಯಲ್ಲಿದ್ದಾರೆ."

"ಹಾಗಾದರೆ ಈಗ ಬಂದವರು ಯಾರು?"

ಅವತ್ತು ಸಂಜೆಯಿಂದ ಮನೆಯಲ್ಲಿ ಪಾಠ ಶುರು. ಅಡಿಗೆ ಮಾಡುತ್ತ 'ಮೀ ಆಲೇ', ಬಟ್ಟೆ ಮಡಚುತ್ತ 'ಮೀ ಆಲೇ'. ವಾರ ಕಳೆಯುವಷ್ಟರಲ್ಲಿ ನನಗೆ ಬಾಯಿಪಾಠವಾಯಿತು. ಆದರೆ ಒಂದು ದಿನ ಫ್ಯಾಕ್ಟರಿಯಿಂದ ಬಂದ ಗಂಡ ಚೀಲ ಎಸೆದು, "ನಿನ್ನ ಪಾಠ ಬಂದ್ ಮಾಡು ಮಾರಾಯ್ತಿ" ಅಂದರು. "ಇವತ್ತ ಮೀಟಿಂಗಿಗೆ ತಡಾ ಆತಂತ ಓಡಿ ಹೋಗಿ, ಎಲ್ಲಾರ ಮುಂದ 'ಮೀ ಆಲೇ' ಅಂದುಬಿಟ್ಟೆ. ಮ್ಯಾನೇಜರ್ ಎದ್ದು ನಿಂತು, 'ಬರ್ರಿ ತಾಯೀ' ಅಂದ!"

ಗೆದ್ದವರು ಯಾರು?

ಎದುರು ಮನೆಯ ಮರಾಠಿ ಅಜ್ಜಿಗೆ ನನ್ನ ಮೇಲೆ ಭಾರಿ ಅಕ್ಕರೆ. ಲಿಫ್ಟಿನಲ್ಲಿ ಸಿಕ್ಕಾಗ ಕೇಳಿದರು, "ಕೈತುಂಬ ಪುಸ್ತಕ ಹೊರತೀಯಲ್ಲ ಮಗಳೇ, ಏನು ಓದತಾ ಇದ್ದೀ?"

"ಇಂಗ್ಲಿಷ್ ಕಾವ್ಯ, ಮರಾಠಿ ಕಾವ್ಯ ಎರಡನ್ನೂ ಹೋಲಿಸಿ ನೋಡ್ತಾ ಇದ್ದೀನಿ ಅಜ್ಜಿ. ನಾಟಕಗಳನ್ನೂ."

ಅಜ್ಜಿಯ ಕಣ್ಣು ಅರಳಿದವು. "ಹೌದಾ! ಯಾರು ಗೆದ್ದರು?"

"ಇದರಲ್ಲಿ ಗೆಲ್ಲೋದು ಸೋಲೋದು ಇರಲ್ಲ ಅಜ್ಜಿ. ಎರಡರ ಸೊಗಸೂ ಬೇರೆ ಬೇರೆ. ಅದನ್ನ ತೋರಿಸಬೇಕು, ಅಷ್ಟೆ. ಇನ್ನೂ ಎರಡು ಮೂರು ವರ್ಷದ ಕೆಲಸ."

ಅಜ್ಜಿಗೆ ನನ್ನ ಬಗ್ಗೆ ಅಯ್ಯೋ ಅನ್ನಿಸಿರಬೇಕು. ಲಿಫ್ಟು ನಿಂತರೂ ಬಾಗಿಲು ಹಿಡಿದುಕೊಂಡು ನನ್ನ ಕಿವಿಯ ಹತ್ತಿರ ಬಂದರು. "ಮರಾಠಿ ಗೆದ್ದಿತು ಅಂತ ಬರೆದುಬಿಡು. ಇಂಗ್ಲಿಷಿನವರು ಇಲ್ಲಿ ಬಂದು ನೋಡತಾರಾ? ದೀಪಾವಳಿಯೊಳಗೆ ಡಿಗ್ರಿ ಕೈಗೆ ಬರತದೆ!"

ಬಿಸಿ ಕವಿತೆ, ತಂಪು ಕವಿತೆ

ಒಂದು ಮೇ ತಿಂಗಳ ಸಂಜೆ ಓದುತ್ತ ಕುಳಿತಿದ್ದವಳಿಗೆ ಥಟ್ಟನೆ ಒಂದು ವಿಷಯ ಹೊಳೆಯಿತು. ನಾನು ಆರಿಸಿಕೊಂಡಿದ್ದ ಇಂಗ್ಲಿಷ್ ಪ್ರೇಮಕವಿತೆಗಳಲ್ಲಿ ನಲ್ಲ ಅಂದರೆ ಬಿಸಿಲು, ಒಲೆಯ ಕಾವು, ಬೆಚ್ಚನೆಯ ಕೈ. ಮರಾಠಿ ಕವಿತೆಗಳಲ್ಲಿ ಅದೇ ನಲ್ಲ ಮರದ ನೆರಳು, ಬಾವಿಯ ನೀರು, ತಂಪು ಗಾಳಿ! ಎರಡು ನಾಡಿನ ಜನ, ಒಂದೇ ಪ್ರೀತಿ, ಆದರೆ ಒಬ್ಬರಿಗೆ ಅದು ಬಿಸಿ, ಇನ್ನೊಬ್ಬರಿಗೆ ತಂಪು. ಕುರ್ಚಿಯಿಂದ ಹಾರಿಯೇ ಬಿಟ್ಟೆ. ಇಡೀ ಒಂದು ಅಧ್ಯಾಯಕ್ಕೆ ಸಾಕಾಗುವ ಮಾತು! ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತಿತ್ತು. ಅಷ್ಟರಲ್ಲಿ ಗಂಡ ಬೆವರಿನಲ್ಲಿ ತೊಯ್ದು ಚಾಕಣದಿಂದ ಬಂದರು. ಬೂಟು ಬಿಚ್ಚುವುದಕ್ಕೂ ಬಿಡದೆ ಎಲ್ಲ ಹೇಳಿದೆ. ಎರಡೂ ಕಡೆಯ ಕವಿತೆಗಳನ್ನು ಅಭಿನಯಿಸಿಯೂ ತೋರಿಸಿದೆ.

ಪಾಪ, ಕೊನೆಯವರೆಗೂ ಕೇಳಿದರು. "ಅಂದ್ರ ಅವರ ಊರಾಗ ಥಂಡಿ, ನಮ್ಮೂರಾಗ ಬಿಸಲು. ಇಷ್ಟ ಹೌದಿಲ್ಲೋ?"

"ಇಷ್ಟೇ ಅಂದ್ರ ಹೆಂಗ್ರೀ? ಇದು ಭಾಳ ದೊಡ್ಡ ವಿಚಾರ ಅದ!"

"ಭಾಳ ಚೊಲೋ ಅದ. ನನಗ ಪೂರಾ ಒಪ್ಪಿಗಿ ಅದ" ಅಂದವರೇ ನನ್ನ ಮೇಜಿನ ಪಕ್ಕ ತಿರುಗುತ್ತಿದ್ದ ಕೂಲರನ್ನು ದರದರ ಎಳೆದು ತಮ್ಮ ಮಂಚದ ಕಡೆ ತಿರುಗಿಸಿದರು. "ಇಂಗ್ಲಿಷ್ ಕಾವ್ಯ ನೀ ಓದಕೋತ ಕೂಡು. ಮರಾಠಿ ಕಾವ್ಯ ನನ್ನ ಕಡೆ ಇರಲಿ."

ಬಾರದ ಮಗ

ಊರಿಂದ ಅವ್ವ ಬಂದಿದ್ದಳು. ಅವಳಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು, ಆದರೆ ನಾಟಕ ಅಂದರೆ ಪ್ರಾಣ. ಒಂದು ಮರಾಠಿ ನಾಟಕಕ್ಕೆ ಕರೆದೊಯ್ದೆ. ಇಬ್ಬರು ಹೆಂಗಸರು ಕುಳಿತು ಹಳೆಯ ಕತೆ ಹೇಳಿಕೊಳ್ಳುವ ನಾಟಕ. ಒಬ್ಬಳು ಹೇಳುವುದು, ಇನ್ನೊಬ್ಬಳು "ಮಗ? ಮಗ?" ಅಂತ ಕೇಳುವುದು. ಮರಾಠಿಯಲ್ಲಿ 'ಮಗ' ಅಂದರೆ 'ಆಮೇಲೆ'. ನನಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಅವ್ವನಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ಮಧ್ಯಂತರದಲ್ಲಿ ಬಟಾಟೆ ವಡಾ ಕೊಡಿಸಿದೆ. ಅವ್ವ ಮುಟ್ಟಲಿಲ್ಲ. ಕಣ್ಣು ತೇವವಾಗಿದ್ದವು. "ಯಾಕವ್ವಾ?" ಅಂದೆ.

"ಅಲ್ಲಾ, ಪಾಪ ಆಕಿ 'ಮಗಾ, ಮಗಾ' ಅಂತ ಅಷ್ಟ ಕರೀಲಿಕತ್ಯಾಳ. ಎಲ್ಲಿ ಹೋಗ್ಯಾನ ಅಂವಾ?"

ನಗು ತಡೆದುಕೊಂಡು ಅರ್ಥ ಬಿಡಿಸಿ ಹೇಳಿದೆ. ಅವ್ವ ಒಪ್ಪಲಿಲ್ಲ. "ನೀ ಓದಿದಾಕಿ ಇರಬಹುದು. ತಾಯಿ ಧ್ವನಿ ನನಗ ತಿಳಿಯೂದಿಲ್ಲೇನು?"

ನಾಟಕ ಮುಗಿಯಿತು, ಪರದೆ ಬಿತ್ತು, ಜನ ಎದ್ದರು. ಅವ್ವ ಮಾತ್ರ ಕುರ್ಚಿ ಬಿಡದೆ ರಂಗದ ಬಾಗಿಲನ್ನೇ ನೋಡುತ್ತಿದ್ದಳು. ಕೊನೆಗೆ ಸೆರಗು ಕೊಡವಿಕೊಂಡು ಎದ್ದು ತೀರ್ಪು ಕೊಟ್ಟಳು. "ಹಡದಾಕಿ ಇಷ್ಟ ಕೂಗಿದರೂ ಬರಲಿಲ್ಲ ಅಂದ್ರ, ಲಗ್ನ ಆಗಿರಬೇಕು ಅವಂದು."

ಎಲ್ಲಾ ಮುಗಿಯಿತು

ಕಡೆಗೂ ಮೌಖಿಕ ಪರೀಕ್ಷೆಯ ದಿನ ಬಂತು. ಇಷ್ಟು ವರ್ಷದ ಶ್ರಮ ಇವತ್ತು ಆ ಕಡೆಯೋ ಈ ಕಡೆಯೋ. ಯಾರು ಬೇಕಾದರೂ ಬಂದು ಕೇಳಬಹುದಾದ ಪರೀಕ್ಷೆ. ಮುಂದಿನ ಸಾಲಿನಲ್ಲಿ ನನ್ನ ಮ್ಯಾಡಂ, ಹಿಂದೆ ವಿದ್ಯಾರ್ಥಿಗಳು, ಕೊನೆಯ ಸಾಲಿನಲ್ಲಿ ಮಡಿಲಲ್ಲೊಂದು ಡಬ್ಬಿ ಇಟ್ಟುಕೊಂಡು ಅವ್ವ.

ಹೊರಗಿನಿಂದ ಬಂದ ಪರೀಕ್ಷಕರು ಬಿಳಿ ಮೀಸೆಯ, ಗಂಟು ಮುಖದ ಹಿರಿಯರು. ಇಂಗ್ಲಿಷಿನಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ, "ದುಃಖದ ದೃಶ್ಯವನ್ನು ಎರಡೂ ಭಾಷೆಯ ನಾಟಕಗಳು ಹೇಗೆ ಬೇರೆ ಬೇರೆಯಾಗಿ ಕಟ್ಟುತ್ತವೆ?" ಅಂದರು. ನಾನು ಸಿದ್ಧಾಂತ ಹೇಳತೊಡಗಿದೆ. ಅವರು ಕೈ ಎತ್ತಿ ತಡೆದರು. "ಬಾಯಿಮಾತು ಸಾಕು. ಮಾಡಿ ತೋರಿಸಿ."

ನನಗೆ ಅಷ್ಟೇ ಬೇಕಾಗಿತ್ತು! ಮೊದಲು ಇಂಗ್ಲಿಷ್ ನಾಟಕದ ರಾಣಿಯಾದೆ. ಕಿಟಕಿಯ ಕಡೆ ಮುಖ ಮಾಡಿ ತಗ್ಗಿದ ದನಿಯಲ್ಲಿ ನಾಲ್ಕು ಮಾತು, ಒಂದು ನಿಟ್ಟುಸಿರು. ಸಭೆ ತಣ್ಣಗಿತ್ತು. ಆಮೇಲೆ ಮರಾಠಿ ನಾಟಕದ ತಾಯಿಯಾದೆ. ಧಡ್ಡನೆ ನೆಲಕ್ಕೆ ಬಿದ್ದು, ಎದೆ ಬಡಿದುಕೊಂಡು, "ಅರೇ ದೇವಾ! ಸಗಳಂ ಸಂಪಲಂ!" ಅಂತ ಮರಾಠಿಯಲ್ಲಿ ಕಟ್ಟಡವೇ ನಡುಗುವ ಹಾಗೆ ಅತ್ತೆ. 'ದೇವರೇ, ಎಲ್ಲಾ ಮುಗಿಯಿತು' ಎಂದರ್ಥ. ಕಣ್ಣಲ್ಲಿ ನಿಜವಾದ ನೀರೇ ಬಂತು.

ಅರ್ಥವಾಗದವಳು ಒಬ್ಬಳೇ, ಅವ್ವ. ಮಗಳು ನಾಪಾಸಾಗಿ ಬಿದ್ದು ಹೊರಳಾಡುತ್ತಿದ್ದಾಳೆಂದು ತಿಳಿದು ಕೊನೆಯ ಸಾಲಿನಿಂದ ಬಾಣದ ಹಾಗೆ ಬಂದಳು. ಪರೀಕ್ಷಕರ ಮೇಜು ಗುದ್ದಿದಳು.

"ಹೊಟ್ಟಿಗೆ ಏನ್ ತಿಂತೀರ್ರೀ ನೀವು? ನನ್ನ ಮಗಳು ನಿದ್ದಿಗೆಟ್ಟು ಓದ್ಯಾಳ! ಒಂದ್ ಮಾತು ತಪ್ಪಿದ್ರ ಹಿಂಗ ಅಳಸೂದೇನು? ನಿಮ್ಮ ಮನ್ಯಾಗ ಹೆಣ್ಣಮಕ್ಕಳಿಲ್ಲೇನು?"

ಮ್ಯಾಡಂ ಕನ್ನಡಕ ಕೈಯಲ್ಲಿ ಹಿಡಿದು ಹಾಗೇ ಕುಳಿತುಬಿಟ್ಟರು. ನಾನು ನೆಲದ ಮೇಲಿಂದ ಏಳುವುದನ್ನೇ ಮರೆತೆ. ಆಗ ಪರೀಕ್ಷಕರು ನಿಧಾನಕ್ಕೆ ಎದ್ದು, ಕೈ ಮುಗಿದು, ನಮ್ಮ ಕಡೆಯ ಕನ್ನಡದಲ್ಲೇ ಬಾಯಿ ತೆರೆದರು.

"ಅವ್ವಾರ, ಕೂಡ್ರಿ. ನಾನೂ ಸೊಲ್ಲಾಪುರದ ಕಡಿಯಾಂವ. ನಿಮ್ಮ ಮಗಳು ಪಾಸಾಗ್ಯಾಳ. ಆಕಿ ಮಾಡಿದ್ದು ನಾಟಕ."

ಅವ್ವ ನನ್ನನ್ನು ನೋಡಿದಳು. ಅವರನ್ನು ನೋಡಿದಳು. "ಖರೇನ?"

"ಖರೇ ರೀ. ಆದ್ರ ಇವತ್ತಿನ ಎಲ್ಲಾದಕ್ಕಿಂತ ಚೊಲೋ ದೃಶ್ಯ ನೀವು ಮಾಡಿದ್ದು."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕೊನೆಯ ಸಾಲಿಗೆ ಹೋಗಿ ಡಬ್ಬಿ ತಂದು, ಮುಚ್ಚಳ ತೆಗೆದು ಪರೀಕ್ಷಕರ ಮುಂದಿಟ್ಟಳು. ಒಳಗೆ ಘಮಘಮ ಶೇಂಗಾ ಹೋಳಿಗೆ.

"ಹಂಗಾರ ತಗೋರಿ ಯಪ್ಪಾ, ಎರಡು ತಿನ್ರಿ. ನಾಪಾಸ ಅಂದಿದ್ರ ಡಬ್ಬಿ ಹಂಗ ವಾಪಸ ಒಯ್ಯಾಕಿ ಇದ್ದೆ!"