ತೆಳ್ಳಗಾದ ನಟಿಯೂ ನಮ್ಮ ಮನೆಯ ಸೌಟೂ

ಲೋಕದಲ್ಲಿ ಯಾರೇ ತೆಳ್ಳಗಾಗಲಿ, ಅದರ ಭಾರ ಬಂದು ಬೀಳುವುದು ನಮ್ಮ ಬಡಾವಣೆಯ ಮೇಲೆ. ಒಂದು ವರ್ಷ ಯಾರೋ ಜೀರಿಗೆ ನೀರು ಕುಡಿದು ಇಳಿದರಂತೆ. ಇಡೀ ಬೀದಿ ಜೀರಿಗೆ ನೀರು ಕುಡಿಯಿತು. ಇನ್ನೊಂದು ವರ್ಷ ಯಾರೋ ಅನ್ನ ಬಿಟ್ಟರಂತೆ. ನಮ್ಮ ಪಕ್ಕದ ಮನೆಯವರು ಅನ್ನ ಬಿಟ್ಟು ಹೊತ್ತು ಹೊತ್ತಿಗೂ ಅವಲಕ್ಕಿ ತಿಂದರು. ಈಗ ಸರದಿ ಒಬ್ಬ ಸಿನಿಮಾ ನಟಿಯದು.

ಮೊದಲು ಮೈ ತುಂಬಿಕೊಂಡಿದ್ದ ಆ ತಾಯಿ ಈಗ ಬಳ್ಳಿಯಂತಾಗಿದ್ದಾರೆ. ಹೇಗಾದೆ ಎಂದು ಒಂದು ಪುಸ್ತಕ ಬರೆದಿದ್ದಾರೆ, ಮೊಬೈಲಿನಲ್ಲಿ ದಿನಾ ಬಂದು ಬುದ್ಧಿ ಹೇಳುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಷ್ಟಪಟ್ಟು ಇಳಿಸಿದ್ದಾರೆ, ಶಿವ ಚೆನ್ನಾಗಿಟ್ಟಿರಲಿ. ಆದರೆ ಅವರ ಮಾತು ಹಿಡಿದುಕೊಂಡು ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನನ್ನ ಹೆಂಡತಿಯ ಕೈಯಿಂದ ಸೌಟು ಕಸಿಯಲು ಹೊರಟರಲ್ಲ, ಅದನ್ನು ಹೇಳದೆ ಬಿಡಲಾರೆ.

ಭಜನೆ ಮುಗಿದ ಮೇಲೆ

ನಮ್ಮ ಬಡಾವಣೆಯ ಈಶ್ವರನ ಗುಡಿಯಲ್ಲಿ ಹೆಣ್ಣುಮಕ್ಕಳ ಭಜನಾ ಮಂಡಳಿ ಇದೆ. ಶ್ರಾವಣ ಸೋಮವಾರ ಸಾಯಂಕಾಲ ಭಜನೆ, ದೀಪ ಹಚ್ಚಿದ ಮೇಲೆ ಪ್ರಸಾದ. ಕಡೇ ಸೋಮವಾರ ಮಾತ್ರ ದೊಡ್ಡ ದಾಸೋಹ. ಅವತ್ತು ಬೆಲ್ಲ ಹಾಕಿದ ಗೋಧಿ ಹುಗ್ಗಿ. ಗುಡಿಗೆ ತಗಡಿನ ಸೂರು ಇದ್ದ ಕಾಲದಿಂದ ಆ ಹುಗ್ಗಿಯ ಒಲೆ ನನ್ನ ಹೆಂಡತಿಯದು. ಆಕೆ ಲೋಕಿಕೆರೆಯ ಮಗಳು, ಗಟ್ಟಿ ಮೈಕಟ್ಟಿನವಳು. ಬಾಗಿಲಲ್ಲಿ ನಿಂತರೆ ಒಳಗಿನ ದೀಪ ಹೊರಗಿದ್ದವರಿಗೆ ಕಾಣುವುದಿಲ್ಲ.

ಶ್ರಾವಣದ ಮೊದಲ ಸೋಮವಾರ ಭಜನೆ ಮುಗಿಯಿತು. ಮಂಡಳಿಯ ಅಧ್ಯಕ್ಷೆ ಮೇಡಂ ಪುರಾಣ ಓದುವ ಬದಲು ನಟಿಯ ಪುಸ್ತಕ ತೆಗೆದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ.

"ನಿಮ್ಮ ತಟ್ಟೆಗೆ ಎರಡನೇ ಸಲ ಬಡಿಸಲು ಬರುವವರು ನಿಮ್ಮ ಶತ್ರುಗಳು," ಎಂದು ಅವರು ಗಟ್ಟಿಯಾಗಿ ಓದುವುದಕ್ಕೂ, ನನ್ನ ಹೆಂಡತಿ ಪಾಯಸದ ಬಕೆಟ್ಟು, ಸೌಟು ಹಿಡಿದು ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು. ಅಷ್ಟೂ ತಲೆಗಳು ಅವಳ ಕಡೆ ತಿರುಗಿದವು.

ಆಕೆ ಬಕೆಟ್ಟು ಕೆಳಗಿಟ್ಟಳು. "ಹೇಳ್ರಿ ಮೇಡಂ, ಶತ್ರು ಒಳಗ ಬರ್ಲೋ, ಪಾಯ್ಸ ತಗೊಂಡು ಹಂಗೇ ವಾಪಸ್ ಹೋಗ್ಲೋ?"

ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, "ಬಾ ಬಾರವ್ವ, ಇಷ್ಟು ದಿನ ಬಂದಿರೋ ಶತ್ರು, ಇವತ್ತೊಂದಿನ ಯಾಕ ಬ್ಯಾಡ," ಎಂದಿತು.

ಎಲ್ಲರೂ ನಕ್ಕರು. ಮೇಡಮ್ಮಿಗೆ ಆ ನಗು ಚುಚ್ಚಿತು ಎಂದು ಕಾಣುತ್ತದೆ. ಅಲ್ಲೇ ಘೋಷಿಸಿದರು: "ಈ ಸಲ ದಾಸೋಹಕ್ಕೆ ಹುಗ್ಗಿ ಬೇಡ. ಮೊಳಕೆ ಕಾಳು, ಸೌತೆಕಾಯಿ ಸಾಕು. ಒಲೆ ಮುಂದೆ ನಿಲ್ಲೋರೂ ಸ್ವಲ್ಪ ಹಗುರ ಇದ್ರೆ ಜನಕ್ಕೆ ಒಳ್ಳೇ ಸಂದೇಶ ಹೋಗ್ತದೆ. ದಾಸೋಹಕ್ಕೆ ಮುಂಚೆ ಸಭೆ ಕರೆದು ತೀರ್ಮಾನ ಮಾಡೋಣ."

ದಾರಿಯುದ್ದಕ್ಕೂ ಹೆಂಡತಿ ಖಾಲಿ ಬಕೆಟ್ಟು ಬೀಸುತ್ತಾ ಮುಂದೆ ಮುಂದೆ ನಡೆದಳು. ಇಷ್ಟು ವರ್ಷದ ಸೇವೆ ಕೈತಪ್ಪುವ ಸಂಕಟ ನನಗೂ ತಿಳಿಯುತ್ತಿತ್ತು. ಸಮಾಧಾನ ಹೇಳೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮನೆಯ ಗೇಟಿನ ಹತ್ತಿರ ಆಕೆಯೇ ನಿಂತಳು.

"ಅಲ್ರೀ, ಹಗುರ ಇರೋರು ಹುಗ್ಗಿ ಹಂಡೆ ಇಳಿಸ್ತಾರೇನು? ಹಂಡೆನೇ ಅವರನ್ನ ಇಳಿಸ್ತೈತೆ!"

ಸಣ್ಣ ತಟ್ಟೆ

ಹಳೇಪೇಟೆಯಲ್ಲಿ ನನ್ನದೊಂದು ಸ್ಟೀಲ್ ಪಾತ್ರೆ ಅಂಗಡಿ. ನಟಿಯ ಇನ್ನೊಂದು ಮಾತು ಅಲ್ಲಿಗೂ ಬಂತು. ಸಣ್ಣ ತಟ್ಟೆಯಲ್ಲಿ ಉಂಡರೆ ಹೊಟ್ಟೆ ತುಂಬಿದಂತೆ ಕಣ್ಣಿಗೆ ಅನಿಸುತ್ತದಂತೆ. ವರ್ಷಗಟ್ಟಲೆ ಧೂಳು ಹಿಡಿದು ಕೂತಿದ್ದ ತಿಂಡಿ ತಟ್ಟೆಗಳು ಖಾಲಿಯಾಗತೊಡಗಿದವು. ಲಾಭ ಬಂದಾಗ ಬೈಯಬಾರದು. ನಾನೂ ಮನಸ್ಸಿನಲ್ಲಿ ಆ ತಾಯಿಗೆ ಕೈಮುಗಿದೆ.

ಒಬ್ಬ ಹೆಣ್ಣುಮಗಳು ಬಂದು ಮನೆಮಂದಿಗೆಲ್ಲ ಸಣ್ಣ ತಟ್ಟೆ ಒಯ್ದಳು. ಸ್ವಲ್ಪ ದಿನಕ್ಕೆ ಆಕೆಯ ಗಂಡ ಒಬ್ಬನೇ ಬಂದ. ಆನಗೋಡಿನ ಕಡೆಯ ರೈತ. ಒಂದು ಸಣ್ಣ ತಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದಿದ್ದ.

"ಸಾವ್ಕಾರ್ರೆ, ಇದನ್ನ ವಾಪಸ್ ತಗೊಳ್ರಿ."

"ಯಾಕಣ್ಣ, ಸೊಟ್ಟ ಐತಾ?"

"ತಟ್ಟೆ ಚೊಲೋ ಐತ್ರಿ. ಮುದ್ದೆ ಇಟ್ರೆ ಸಾರಿಗೆ ಜಾಗ ಇಲ್ಲ, ಸಾರು ಬಿಟ್ರೆ ಮುದ್ದೆ ಕೆಳಗ ಬೀಳ್ತೈತಿ."

"ಆಕಿಗೆ ಹೇಳ್ಬೇಕಿತ್ತು."

"ಹೇಳ್ದೆ. 'ಆ ನಟಿನೂ ಇದರಾಗೇ ತಿಂತಾಳ' ಅಂದ್ಲು. ನಾ ಕೇಳಿದೆ: ಆಕಿ ಉಂಡು ಕ್ಯಾಮೆರಾ ಮುಂದ ಹೋಗ್ತಾಳ, ನಾ ಉಂಡು ಎತ್ತಿನ ಹಿಂದ ಹೋಗ್ತೀನಿ. ಇಬ್ರಿಗೂ ಒಂದೇ ತಟ್ಟೆ ಅಂದ್ರ ಹೆಂಗವ್ವಾ?"

ನಾನು ದೊಡ್ಡ ಊಟದ ತಟ್ಟೆ ತೆಗೆದುಕೊಟ್ಟೆ. ಆತ ಹಣೆಗೆ ಮುಟ್ಟಿಸಿಕೊಂಡು ಹೊರಟವನು ಮೆಟ್ಟಿಲಿನಿಂದ ತಿರುಗಿ ಬಂದ.

"ಹೊಳ್ಳಿ ಆಕಿ ಬಂದು ಕೇಳಿದ್ರ, ತಟ್ಟೇನೇ ಬೆಳೀತು ಅಂತ ಹೇಳ್ರಿ."

ಕಾಲು ಭಾಗ

ಸತ್ಯ ಹೇಳಬೇಕು. ನನ್ನ ಹೊಟ್ಟೆಯೂ ಮುಂದಕ್ಕೆ ಬಂದಿದೆ. ಪೂಜೆಗೆ ಕೂತರೆ ಮಡಿಲಲ್ಲಿ ಮೊದಲು ಅದೇ ಬಂದು ಕೂರುತ್ತದೆ. ಹೆಂಡತಿಗೆ ತಿಳಿಸದೆ ನಟಿಯ ಒಂದು ಮಾತು ನಡೆಸಿ ನೋಡೋಣ ಎನಿಸಿತು. ಪ್ರತಿ ಊಟದಲ್ಲೂ ಕಾಲು ಭಾಗ ತಟ್ಟೆಯಲ್ಲೇ ಬಿಟ್ಟು ಏಳಬೇಕಂತೆ. ಆಗ ಮನಸ್ಸಿಗೆ "ನಾನು ಗೆದ್ದೆ" ಎನಿಸುತ್ತದಂತೆ.

ನಮ್ಮದು ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಮನೆತನ. ಊಟವೆಂದರೆ ಪ್ರಸಾದ. ಅದರಲ್ಲಿ ಅಗಳು ಬಿಡುವುದೆಂದರೆ ಎದೆ ನಡುಗುವ ಮಾತು. ಆದರೂ ಅವತ್ತು ರೊಟ್ಟಿ, ಪಲ್ಯ, ಅನ್ನ ಎಲ್ಲದರಲ್ಲೂ ಒಂದೊಂದು ಮೂಲೆ ಉಳಿಸಿ ಕೈ ಝಾಡಿಸಿದೆ.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಯಾರಿಗಿದು?"

"ಯಾರಿಗೂ ಅಲ್ಲ. ಮನಸ್ಸಿಗೆ ಗೆದ್ದೆ ಅನ್ನಿಸ್ಬೇಕಂತೆ."

"ನೀವು ಗೆದ್ರಿ, ಸೋತಿದ್ದು ಯಾರು? ನಾಟಿ ಮಾಡಿದೋರಾ, ರೊಟ್ಟಿ ಬಡಿದೋಳಾ?"

ನಾನು ಮತ್ತೆ ಕೂತು ಉಳಿದದ್ದನ್ನು ತಿಂದೆ, ತಟ್ಟೆ ತೊಳೆದು ಕುಡಿದೆ. ಮನಸ್ಸಿನ ಕಥೆ ಏನೋ, ಹೊಟ್ಟೆಯಂತೂ ಗೆದ್ದಿತು. ಆಮೇಲೆ ನಿಧಾನವಾಗಿ ಒಂದು ದಾರಿ ಹೇಳಿದೆ. "ಹಂಗಾದ್ರೆ ನಾಳೆಯಿಂದ ಮುಕ್ಕಾಲು ಭಾಗಾನೇ ಬಡಿಸು. ಬಿಡೋದೇ ಬ್ಯಾಡ."

ಆಕೆ ಯೋಚನೆ ಮಾಡಿ ಹೇಳಿದಳು: "ಆ ಪುಸ್ತಕ ನೋಡಿದ್ರೆ ಮುಕ್ಕಾಲು ಬಡಿಸಿದ್ರೂ ಅದರಾಗ ಕಾಲು ಬಿಡ್ಬೇಕಲ್ರೀ. ಹಿಂಗೇ ಕಮ್ಮಿ ಮಾಡ್ತಾ ಹೋದ್ರೆ ಕಡೀಕೆ ನಿಮಗೆ ನೀರು ಕುಡಿಯಾಕೆ ತೊಳೆಯೋ ತಟ್ಟೆ ಒಂದೇ ಉಳೀತೈತೆ."

ಹರಿಹರದ ಕನ್ನಡಿ

ಒಂದು ಕಡೆ ಮಾತು ಕೇಳಿ ತೀರ್ಪು ಕೊಡಬಾರದು. ಹರಿಹರದಲ್ಲಿರುವ ನನ್ನ ನಾದಿನಿ, ಎಂದರೆ ಹೆಂಡತಿಯ ತಂಗಿ, ಆ ನಟಿಯ ಮಾತು ಪಾಲಿಸಿ ನಿಜವಾಗಿ ಇಳಿದಿದ್ದಾಳೆ. ಅವಳಿಗೆ ಮಂಡಿನೋವು ವಿಪರೀತ ಇತ್ತು. ನಾವು ಹರಿಹರೇಶ್ವರನ ದರ್ಶನಕ್ಕೆ ಹೋದಾಗ ನಮಗಿಂತ ಮುಂದೆ ಸರಸರ ನಡೆದಳು. ನನಗೆ ಸಂತೋಷವಾಯಿತು. ಹೆಂಡತಿಗೂ ಆಯಿತು, ಆದರೆ ಒಪ್ಪಿಕೊಳ್ಳಲು ಗುಡಿಯ ಸುತ್ತು ಮುಗಿಯಬೇಕಾಯಿತು.

"ನಿನಗ ಚೊಲೋ ಆಗೈತೆ ಬಿಡೇ. ನಂಗೂ ಮಾಡು ಅಂತೀ ಏನು?"

"ಇಲ್ಲಕ್ಕ. ನಂಗೆ ಮಂಡಿ ನೋಯ್ತಿತ್ತು, ಮಾಡ್ದೆ. ನಿಂಗೇನು ನೋಯ್ತೈತೆ?"

"ಸೌಟು ಬಿಟ್ಟುಕೊಡು ಅಂದಿದ್ದು ನಂಗೆ ನೋಯ್ತೈತೆ."

"ಅದಕ್ಕೆ ಆ ಪುಸ್ತಕದಾಗೆ ಔಷಧ ಇಲ್ಲಕ್ಕ. ನೀನೇ ಹೋಗಿ ಜಗಳ ಮಾಡು," ಎಂದಳು ತಂಗಿ.

ಪುಸ್ತಕದ ಬಗ್ಗೆ ಆ ಮನೆಯಲ್ಲಿ ತಕರಾರು ಇದ್ದದ್ದು ಅವಳ ಗಂಡನಿಗೆ, ಎಂದರೆ ನನ್ನ ಷಡ್ಡಕನಿಗೆ. ಊಟವಾದ ಮೇಲೆ ನನ್ನನ್ನು ಪಡಸಾಲೆಗೆ ಕರೆದೊಯ್ದು ಗೋಡೆಗೆ ಹಾಕಿದ್ದ ಆಳೆತ್ತರದ ಕನ್ನಡಿ ತೋರಿಸಿದ.

"ನೋಡ್ರಿ ಅಣ್ಣಾರೆ, ದಿನಾ ಬೆಳಿಗ್ಗೆ ಎದ್ದು ಇದರ ಮುಂದೆ ನಿಂತು, 'ನೀನು ಯಾರಿಗೂ ಕಮ್ಮಿ ಇಲ್ಲ, ಯಾರಿಗೂ ಹೆದರಬ್ಯಾಡ, ನಿನ್ನ ಮನಸ್ಸಿಗೆ ಬಂದಂಗೆ ನಡಿ' ಅಂತ ಗಟ್ಟಿಯಾಗಿ ಹೇಳ್ಕೊಳ್ಬೇಕಂತೆ."

"ಹೇಳ್ಕೊಳ್ಳಲಿ ಬಿಡಪ್ಪ. ಧೈರ್ಯ ಬರ್ತದೆ."

"ಮದುವೆ ಆದಾಗಿನಿಂದ ಹಂಗೇ ನಡಿತಾ ಅದಾಳೆ ಅಣ್ಣಾರೆ. ಈ ಧೈರ್ಯದ ಮಾತು ಹೇಳೋದೇ ಆದ್ರೆ ಕನ್ನಡಿನ ನನ್ನ ಕಡೆ ತಿರುಗಿಸಿ ಹೇಳಾಕೆ ಹೇಳ್ರಿ!"

ಸೋಮವಾರದ ಲೆಕ್ಕ

ಕಡೆಗೂ ಸಭೆ ಬಂತು. ಗುಡಿಯ ಅಂಗಳದಲ್ಲಿ ಜಮಖಾನ ಹಾಸಿ ಎಲ್ಲರೂ ಕೂತೆವು. ನಡುವೆ ಗುಡಿಯ ಪೂಜೆ ಮಾಡುವ ಅಯ್ಯನವರು. ಅವರು ಊದುಬತ್ತಿಯ ಹಾಗೆ ಸಣಕಲು. ಹೆಂಡತಿ ಸೌಟನ್ನು ಸೆರಗಿನೊಳಗೆ ಇಟ್ಟುಕೊಂಡೇ ಬಂದಿದ್ದಳು. ಏನು ತೀರ್ಪು ಬಂದರೂ ಅದು ಮಾತ್ರ ಮನೆಗೆ ವಾಪಸ್ ಬರಬೇಕು ಎಂಬುದು ಆಕೆಯ ತೀರ್ಮಾನ.

ಮೇಡಂ ಎದ್ದು ನಿಂತರು. "ಇದರಲ್ಲಿ ನನ್ನ ಸ್ವಂತದ್ದೇನೂ ಇಲ್ಲ. ಬಾಯಿ ಮೇಲೆ ಹಿಡಿತ ಇರೋರ ಕೈಗೆ ಒಲೆ ಕೊಡೋಣ. ಯಾರಾದ್ರೂ ಸರಿ. ಅಯ್ಯನವರನ್ನೇ ನೋಡಿ, ಎಷ್ಟು ತೆಳ್ಳಗಿದ್ದಾರೆ! ಅದು ಸಂಯಮ."

ಅಯ್ಯನವರು, "ಮಾತು ನ್ಯಾಯವಾಗೈತೆ ತಾಯಿ," ಎಂದರು. "ಹಂಗಾದ್ರೆ ಶ್ರಾವಣ ಸೋಮವಾರದ ಉಪವಾಸದಾಗೆ ಯಾರ್ಯಾರು ಏನೇನು ತಿಂತೀರಿ, ಶಿವನ ಮುಂದೆ ಹೇಳಿಬಿಡ್ರಿ. ಕಮ್ಮಿ ತಿನ್ನೋರಿಗೆ ಒಲೆ."

ಅಂಗಳದಲ್ಲಿ ಗುಸುಗುಸು ಎದ್ದಿತು. ಒಬ್ಬರು "ಬರೇ ಹಣ್ಣು" ಎಂದರು. ಮತ್ತೊಬ್ಬರು "ಹಣ್ಣು, ಹಾಲು, ಒಂದೀಟು ಸಾಬೂದಾನಿ ಖಿಚಡಿ" ಎಂದರು. ಮೇಡಂ ಹೆಮ್ಮೆಯಿಂದ ಶುರು ಮಾಡಿದರು: "ನನ್ನದು ಪೂರ್ತಿ ಪುಸ್ತಕದ ಪ್ರಕಾರ. ಎದ್ದ ಕೂಡಲೇ ನೆನೆಸಿದ ಬಾದಾಮಿ. ಆಮೇಲೆ ಹಣ್ಣಿನ ಬಟ್ಟಲು. ಮಧ್ಯಾಹ್ನ ಮೊಳಕೆ ಕಾಳು, ಪನೀರು, ಸಲಾಡ್. ಆಮೇಲೆ ಗ್ರೀನ್ ಟೀ, ಖರ್ಜೂರ, ಹುರಿದ ಮಖಾನ. ಹೊತ್ತು ಮುಳುಗೋ ಮುಂಚೆ ಸೂಪು, ಅಷ್ಟೇ."

"ಅಷ್ಟೇನಾ?" ಎಂದಿತು ಹಿಂದಿನಿಂದ ಅದೇ ಅಜ್ಜಿ. "ಉಪವಾಸ ಕೇಳ್ತಾ ಕೇಳ್ತಾ ನಂಗೆ ಹೊಟ್ಟೆ ತುಂಬಿ ಹೋತು."

ಕಡೆಗೆ ಅಯ್ಯನವರು ನನ್ನ ಹೆಂಡತಿಯನ್ನು ಕೇಳಿದರು.

"ನೀರು," ಎಂದಳು ಆಕೆ. "ಸಾಯಂಕಾಲ ದೀಪ ಹಚ್ಚಿ, ಎಲ್ಲರದೂ ಆದ ಮ್ಯಾಲೆ ಪ್ರಸಾದ."

"ಹುಗ್ಗಿ ಮಾಡುವಾಗ ಬೆಲ್ಲ ಸರಿ ಆಗೈತೋ ಇಲ್ಲೋ ಅಂತ ರುಚಿ?"

"ನೈವೇದ್ಯಕ್ಕೆ ಮುಂಚೆ ರುಚಿ ನೋಡೋದಾ? ಬಿಡ್ತು ಅನ್ರಿ. ವಾಸನೆ ಮ್ಯಾಲೆ ತಿಳೀತೈತೆ."

ಮೇಡಂ ಥಟ್ಟನೆ ಹಿಡಿದುಕೊಂಡರು. "ನೋಡಿದ್ರಾ! ಹೊತ್ತು ಮುಳುಗಿದ ಮೇಲೆ ಊಟ! ಅದಕ್ಕೇ ಹೀಗಿದ್ದಾರೆ. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದೆ."

ಹೆಂಡತಿ ಎದ್ದು ನಿಂತಳು. ಸೌಟು ಹೊರಗೆ ಬಂತು. "ಮೇಡಂ, ಅವರು ಬರೆದಿದ್ದು ಅವರ ಮೈಗೆ. ಶ್ರಾವಣ ಸೋಮವಾರ ಶಿವನದು. ಹೊತ್ತು ಮುಳುಗೋ ಮುಂಚೇನೇ ದೀಪ ಹಚ್ಚಿಸ್ಕೊಳ್ಳಪ್ಪ ಅಂತ ಅವನ್ನ ಕೇಳಾಕ ನಾ ಹೋಗಂಗಿಲ್ಲ. ಬೇಕಾದ್ರ ನೀವು ಹೋಗಿ ಕೇಳ್ರಿ, ಗುಡಿ ಬಾಗ್ಲ ತೆಗ್ದೈತೆ."

ಯಾರೂ ಬಾಗಿಲ ಕಡೆ ನೋಡಲಿಲ್ಲ. ಮೇಡಂ ಅಯ್ಯನವರ ಕಡೆ ನೋಡಿದರು. "ಅಯ್ಯನವರೇ, ನೀವಾದರೂ ಹೇಳಿ. ನೀವು ಇಷ್ಟು ತೆಳ್ಳಗಿರೋದು ಹೇಗೆ?"

ಅಯ್ಯನವರು ನಾಚಿಕೊಂಡರು. "ಶಿವನ ಮುಂದೆ ಸುಳ್ಳು ಹೇಳಬಾರದು. ಹೋದ ದಾಸೋಹದಾಗೆ ಹುಗ್ಗಿ ಹಾಕಿಸ್ಕೊಂಡು ಹಾಕಿಸ್ಕೊಂಡು ಈ ತಾಯಿಯ ಕೈ ಸೋತು ಹೋತು. ಎಷ್ಟು ತಿಂದ್ರೂ ನಾ ಹಿಂಗೇ. ನಮ್ಮಪ್ಪಾರೂ ಹಿಂಗೇ ಇದ್ರು."

"ಎಷ್ಟು ಬಿಟ್ರೂ ನಾ ಹಿಂಗೇ," ಎಂದಳು ನನ್ನ ಹೆಂಡತಿ. "ನಮ್ಮವ್ವನೂ ಹಿಂಗೇ ಇದ್ಲು."

ಅಂಗಳದಲ್ಲಿ ಎದ್ದ ನಗುವಿಗೆ ಗುಡಿಯ ಪಾರಿವಾಳಗಳು ಹಾರಿಹೋದವು. ಮೇಡಮ್ಮೂ ನಗು ತಡೆಯಲಾರದೆ ಬಾಯಿಗೆ ಪುಸ್ತಕ ಅಡ್ಡ ಹಿಡಿದರು. ಒಲೆ ಯಾರಿಗೆ ಎಂದು ಆಮೇಲೆ ಯಾರೂ ಕೇಳಲಿಲ್ಲ. ಮೊಳಕೆ ಕಾಳೂ ಇರಲಿ, ಬೇಕಾದವರು ತಿನ್ನಲಿ ಎಂದು ಹೆಂಡತಿಯೇ ಹೇಳಿದಳು. ಗೆದ್ದವರು ಅಷ್ಟು ಬಿಟ್ಟುಕೊಡಬೇಕು.

ದಾಸೋಹದ ದಿನ ಹುಗ್ಗಿಯ ಹಂಡೆ ಇನ್ನೇನು ತಳ ಕಾಣುವುದರಲ್ಲಿತ್ತು. ಎಲ್ಲರದೂ ಮುಗಿದ ಮೇಲೆ ಬೆವರು ಒರೆಸಿಕೊಂಡು ಹೆಂಡತಿ ತಟ್ಟೆ ಹಾಕಿಕೊಂಡು ಕೂತಳು. ಮೇಡಂ ತಾವೇ ಬಂದು, "ಇವತ್ತು ನಿಮಗೆ ನಾನು ಬಡಿಸ್ತೀನಿ," ಎಂದರು. ದೊಡ್ಡ ಮನಸ್ಸು, ಇಲ್ಲವೆನ್ನಬಾರದು. ಆದರೆ ಅಭ್ಯಾಸ ಬಲದಿಂದ ಸೌಟಿನ ತುದಿಯಲ್ಲಿ ಒಂದಿಷ್ಟೇ ಹುಗ್ಗಿ ತೆಗೆದು ತಟ್ಟೆಯ ನಡುವೆ ಬೊಟ್ಟಿಟ್ಟ ಹಾಗೆ ಇಟ್ಟರು.

ದಿನವಿಡೀ ನೀರಿನ ಮೇಲಿದ್ದ ನನ್ನ ಹೆಂಡತಿ ತಟ್ಟೆಯನ್ನು ನೋಡಿದಳು, ಮೇಡಮ್ಮನ್ನು ನೋಡಿದಳು.

"ಮೇಡಂ, ತಟ್ಟೆಗೆ ಕುಂಕುಮ ಹಚ್ಚಿದ್ದಾತು. ಇನ್ನ ಬಡಸ್ರಿ."