ಕೋಲನ್, ಡಬ್ಲ್ಯೂ, ಕ್ಯೂ, ಎಂಟರ್

ಕಾಫಿ ಎಸ್ಟೇಟುಗಳಿಗೆ ಪಂಪ್ ಓಡಿಸುವ ಕಂಪ್ಯೂಟರ್ ಹಾಕಿಕೊಡುವುದು ನನ್ನ ಕಸುಬು. ಹಾಕುವುದು ಸುಲಭ. ಆಮೇಲೆ ಫೋನು ಬರುತ್ತದಲ್ಲ, ಅದಕ್ಕೆ ಕೊನೆಮೊದಲಿಲ್ಲ. ಈ ಬೇಸಿಗೆಯಲ್ಲಿ ಹಾನುಬಾಳಿನ ಕಡೆಯ ಒಂದೇ ಎಸ್ಟೇಟು ಸಾಕಾಯಿತು ನನ್ನ ತಲೆ ತಿನ್ನಲು.

ಆ ಕಂಪ್ಯೂಟರ್ ಪೆಟ್ಟಿಗೆಗೆ ಮೌಸಿಲ್ಲ, ಒತ್ತುವ ಚಿತ್ರಗಳಿಲ್ಲ. ಕಪ್ಪು ಪರದೆಯ ಎಡಿಟರಿನಲ್ಲಿ ಒಂದು ಫೈಲ್ ತೆಗೆದು ಪಂಪ್ ಓಡುವ ಹೊತ್ತನ್ನು ತಿದ್ದಬೇಕು. ಎಸ್ಕೇಪ್ ಒತ್ತಿ, ಕೋಲನ್, ಡಬ್ಲ್ಯೂ, ಕ್ಯೂ ಹೊಡೆದು ಎಂಟರ್ ಒತ್ತಿದರೆ ಸೇವ್ ಆಗಿ ಮುಚ್ಚಿಕೊಳ್ಳುತ್ತದೆ. ಎಸ್ಕೇಪ್ ಮರೆತರೆ ಹೊಡೆದದ್ದೆಲ್ಲ ಫೈಲಿನೊಳಗೇ ಅಕ್ಷರವಾಗಿ ಕೂರುತ್ತದೆ. ಇಷ್ಟೇ. ಇಷ್ಟಾಗದಿದ್ದರೆ ಸ್ಪ್ರಿಂಕ್ಲರ್ ತಿರುಗುವುದಿಲ್ಲ; ಮೊಗ್ಗು ಒಣಗಿದರೆ ಆ ವರ್ಷದ ಕಾಫಿಯೇ ಇಲ್ಲ. ಕೈಯಲ್ಲಿ ಒತ್ತುವ ಪಂಪಿನ ಹಳೇ ಸ್ಟಾರ್ಟರನ್ನು ಎಸ್ಟೇಟಿನ ಸಾಹುಕಾರರು "ಇನ್ನೆಲ್ಲಾ ಕಂಪ್ಯೂಟರೇ" ಎಂದು ಆಗಲೇ ಬಿಚ್ಚಿಸಿ ಗುಜರಿಗೆ ಹಾಕಿದ್ದರು.

ರೈಟರ್ ಸಿಕ್ಕಿಕೊಂಡಿದ್ದು

ಮೊದಲ ಫೋನು ಎಸ್ಟೇಟಿನ ಹಾಜರಿ ನೋಡುವ ರೈಟರದು.

"ಸಾರ್, ಹೊತ್ತು ತಿದ್ದಿದೀನಿ. ಆಚೆ ಬರಕ್ಕಾಯ್ತಿಲ್ಲ."

"ಕೋಲನ್, ಡಬ್ಲ್ಯೂ, ಕ್ಯೂ ಹೊಡೀರಿ."

"ಹೊಡ್ದೆ. ಅದೂ ಕೆಳಗೆ ಬಂದು ಕೂತ್ಕಂತು ಸಾರ್."

"ಮೊದಲು ಎಸ್ಕೇಪ್ ಒತ್ತಿದ್ರಾ?"

ಅಷ್ಟರಲ್ಲಿ ಫೋನು ಕಟ್ಟಾಯಿತು. ಸಂಜೆ ಪರದೆಯ ಫೋಟೋ ಕಳಿಸಿದರು. ಪಂಪಿನ ಹೊತ್ತು ಸರಿಯಾಗಿಯೇ ಇತ್ತು. ಅದರ ಕೆಳಗೆ ಪರದೆ ತುಂಬ ಕೋಲನ್, ಡಬ್ಲ್ಯೂ, ಕ್ಯೂ, ಸಾಲುಸಾಲಾಗಿ. ಕಟ್ಟಕಡೆಗೆ ಇಂಗ್ಲಿಷ್ ಅಕ್ಷರದಲ್ಲಿ: "ಸಾರ್ ದಯಮಾಡಿ ಹೊರಗೆ ಬಿಡಿ."

ಸಾಹುಕಾರರ ದಾರಿ

ಮಾರನೆಯ ದಿನ ಸಾಹುಕಾರರೇ ಪೆಟ್ಟಿಗೆ ಮುಂದೆ ಕೂತರು, ಆಮೇಲೆ ನನಗೆ ಫೋನು ಮಾಡಿದರು.

"ನಮ್ಮ ಷಡ್ಡಕ ಒಂದು ದಾರಿ ಹೇಳ್ಕೊಟ್ಟ ಕಣಯ್ಯ. ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ. ಥಟ್ಟಂತ ಆಚೆ ಬಂದ್ಬುಟ್ಟೆ!"

"ಅಯ್ಯೋ ಸಾಹುಕಾರ್ರೇ, ಅದು ಸೇವ್ ಮಾಡದೆ ಬರೋ ದಾರಿ. ತಿದ್ದಿದ್ದೆಲ್ಲ ಹೋಯ್ತು."

"ಹೋದ್ರೆ ಹೋಗ್ಲಿ, ಮತ್ತೆ ತಿದ್ದಿದ್ರಾಯ್ತು."

ತಿದ್ದಿದರು. ಅದೇ ದಾರಿಯಲ್ಲಿ ಆಚೆ ಬಂದರು. ವಾರವಿಡೀ ಇದೇ ನಡೆಯಿತು, ಪಂಪ್ ಮಾತ್ರ ಅಲ್ಲಾಡಲಿಲ್ಲ. ಕೊಯ್ದ ಭತ್ತ ಗದ್ದೆಯಲ್ಲೇ ಬಿಟ್ಟು ಮನೆಗೆ ಬಂದ ಹಾಗಾಯಿತು ಎಂದು ಬಿಡಿಸಿ ಹೇಳಿದೆ. ಅವರು ನನ್ನನ್ನೇ ಗದರಿದರು: "ಆಚೆ ಬರಕ್ಕಾಗಲ್ಲ ಅಂತ ತಾನೇ ಇಷ್ಟು ದಿನ ಗೋಳು? ಈಗ ಬತ್ತಾ ಇದೀನಲ್ಲ, ಇನ್ನೇನು ನಿನ್ನ ತಕರಾರು?"

ಅಮ್ಮಾವ್ರು ಕೈಹಾಕಿದ್ದು

ಮೊಗ್ಗು ಬಾಡತೊಡಗಿತು. ಸಾಲದ್ದಕ್ಕೆ ಸಿಗ್ನಲ್ಲೂ ಕೈಕೊಟ್ಟಿತು. ಪೆಟ್ಟಿಗೆ ಇದ್ದ ಕೆರೆ ಪಕ್ಕದ ಪಂಪ್‌ಹೌಸಿನಲ್ಲಿ ಏನೂ ಇಲ್ಲ, ಮೇಲಿನ ದಿಣ್ಣೆಯಲ್ಲಿ ಮಾತ್ರ ಸಿಗುತ್ತಿತ್ತು. ಸಾಹುಕಾರರ ಹೆಂಡತಿ, ಅಮ್ಮಾವ್ರು, ಫೋನು ಹಿಡಿದು ದಿಣ್ಣೆಯ ಮೇಲೆ ನಿಂತರು. ನಾನು ಹೇಳಿದ್ದನ್ನು ಅವರು ಕೆಳಗೆ ಕೂಗಬೇಕು.

"ಎಸ್ಕೇಪ್ ಒತ್ತಬೇಕಂತೆ ಕಣ್ರೀ!"

"ಎಲ್ಲೈತೆ?" ಕೆಳಗಿನಿಂದ ಸಾಹುಕಾರರ ದನಿ.

"ಎಡಗಡೆ ಮೂಲೇಲಂತೆ!"

"ಕಾಣ್ತಿಲ್ಲ ಕಣೇ!"

"ಕಣ್ಣೆದುರಿಗಿರೋದು ನಿಮಗೆ ಯಾವತ್ತು ಕಂಡೈತೆ!"

ಅಲ್ಲಿಂದ ಮುಂದೆ ಅದು ಗಂಡಹೆಂಡಿರ ಮಾತಾಯಿತು. ನಾನು ಕಿವಿಗೆ ಫೋನು ಒತ್ತಿಕೊಂಡು ಹಲ್ಲು ಕಡಿಯುತ್ತಾ ಕೂತೆ. ಕೊನೆಗೆ ಅಮ್ಮಾವ್ರು, "ಇವರಿಂದ ಆಗೋ ಕೆಲಸ ಅಲ್ಲ. ನಾನೇ ಇಳ್ದು ಹೋಗಿ ಒತ್ತೀನಿ. ನೀವು ಹೇಳ್ತಾ ಇರಿ," ಎಂದು ಫೋನು ಹಿಡಿದುಕೊಂಡೇ ಸಿಗ್ನಲ್ ಇಲ್ಲದ ತಗ್ಗಿಗೆ ಇಳಿದರು.

ನಾನೇ ಹೋದದ್ದು

ರೇಗಿಹೋಗಿ ಜೀಪು ಹತ್ತಿದೆ. ಬಾಡಿದ ಗಿಡಗಳ ನಡುವೆ ನೇರ ಪಂಪ್‌ಹೌಸಿಗೆ ಹೋದೆ. ತಿದ್ದಿದೆ, ಸೇವ್ ಮಾಡಿದೆ, ಸ್ಪ್ರಿಂಕ್ಲರ್ ತಿರುಗಿತು. "ದಿನಕ್ಕೊಂದು ಭಾಗಕ್ಕೆ ಪೈಪು ಎಳೀರಿ, ಪಂಪ್ ತಾನೇ ಓಡುತ್ತೆ. ಯಾರೂ ಫೈಲ್ ಮುಟ್ಟಬೇಡಿ," ಎಂದು ಕೈಮುಗಿದು ಬಂದೆ.

ಹದಿನೈದು ದಿನದೊಳಗೆ ತೋಟವೆಲ್ಲ ಬೆಳ್ಳಗೆ ಹೂವಾಯಿತು. ಸದ್ಯ, ಬದುಕಿದೆ ಅಂದುಕೊಂಡೆ. ಮಾರನೆಯ ದಿನವೇ ಮಳೆ ಹಿಡಿಯಿತು, ಕೊಡ ಕವುಚಿದ ಹಾಗೆ. ಸಾಹುಕಾರರ ಫೋನು ಬಂತು.

"ಮೇಲಿಂದಾನೂ ನೀರು, ಕೆಳಗಿಂದಾನೂ ನೀರು ಕಣೋ! ಈ ಪಂಪ್ ನಿಲ್ಸೋದು ಹೆಂಗೆ?"

ಫೈಲ್ ತೆಗೆದು ತಿದ್ದಿ ಎನ್ನಲು ಹೋದವನು ನಾಲಿಗೆ ಕಚ್ಚಿಕೊಂಡೆ. "ಮೇನ್ ಸ್ವಿಚ್ ಆರಿಸಿಬಿಡಿ ಸಾಹುಕಾರ್ರೇ."

ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ಪಂಪೇನೋ ನಿಂತ್ಕಂತು. ಮಳೆ ನಿಂತಿಲ್ಲ, ಅರಳಿದ ಹೂವೆಲ್ಲ ಕೊಳೆಯೋ ಹಂಗೈತೆ. ನಿಜ ಹೇಳು ಮಾರಾಯ, ಮೇಲೆ ಕೂತಿರೋನಿಗೂ ನೀನೇ ಈ ಎಡಿಟರ್ ಹಾಕ್ಕೊಟ್ಟಿದೀಯಾ? ಅವನಿಗೂ ಒಳಗೆ ಹೋಗಕ್ಕೆ ಬಂತು, ಆಚೆ ಬರಕ್ಕೆ ಬತ್ತಿಲ್ಲ!"