ಲಕ್ಷ್ಮೀಪತಿ ತರಿಸಿದ ಇಟ್ಟಿಗೆ

ಆ ಶನಿವಾರ ಬೆಳಗ್ಗೆ ಗೇಟಿನ ಬಳಿ ಲಕ್ಷ್ಮೀಪತಿ ಒಂದೇ ಒಂದು ಮಾತು ಆಡದೆ ಇದ್ದಿದ್ದರೆ ಅವರ ದಿನ ನೆಟ್ಟಗೆ ಕಳೆಯುತ್ತಿತ್ತು. ಆಡಿದ ಮಾತು ಸುಳ್ಳಾಗಿದ್ದರೂ ಪರವಾಗಿರಲಿಲ್ಲ, ಹೇಗೋ ತಿದ್ದಿಕೊಳ್ಳಬಹುದಿತ್ತು. ಅದು ನಿಜವಾದ ಮಾತಾಗಿತ್ತು.

ಕೊರಿಯರ್‌ನವನು ಕೊಟ್ಟುಹೋದ ರಟ್ಟಿನ ಪೆಟ್ಟಿಗೆಯನ್ನು ಲಕ್ಷ್ಮೀಪತಿ ಎರಡೂ ತೋಳಲ್ಲಿ ಅಪ್ಪಿಕೊಂಡು ಮೆಟ್ಟಿಲ ಕಡೆ ತಿರುಗಿದ್ದರು. ಹೆಜ್ಜೆ ಇಟ್ಟಾಗಲೆಲ್ಲ ಒಳಗಿನಿಂದ ಗಲಗಲ ಸದ್ದು. ಎದುರು ಮನೆಯ ರಾಗಿಣಿ ತುಳಸಿಗೆ ನೀರು ಹಾಕುತ್ತಿದ್ದವರು ಚೊಂಬನ್ನು ಹಾಗೇ ಎತ್ತಿ ಹಿಡಿದು ಕೇಳಿದರು.

"ಏನ್ ಸಾರ್ ಅದು? ಒಳ್ಳೇ ಭಾರ ಇದ್ದಂಗಿದೆ!"

"ಇಟ್ಟಿಗೆ" ಎಂದರು ಲಕ್ಷ್ಮೀಪತಿ.

ಚೊಂಬಿನ ನೀರು ತುಳಸಿಯ ಬದಲು ರಾಗಿಣಿಯವರ ಕಾಲ ಮೇಲೆ ಬಿತ್ತು. "ಇಟ್ಟಿಗೆನಾ?"

"ಹೂಂ, ಸಣ್ಣದು" ಎನ್ನುತ್ತಾ ಲಕ್ಷ್ಮೀಪತಿ ಮೆಟ್ಟಿಲು ಹತ್ತಿಬಿಟ್ಟರು.

ಪೆಟ್ಟಿಗೆಯಲ್ಲಿದ್ದದ್ದು ಇಟ್ಟಿಗೆಯೇ. ಒಂದಕ್ಕೊಂದು ಸಿಕ್ಕಿಸಿ ಆಡುವ ಪ್ಲಾಸ್ಟಿಕ್ಕಿನ ಲೆಗೋ ಇಟ್ಟಿಗೆ. ಅದರ ಜೊತೆಗೆ, ನಲವತ್ತು ವರ್ಷಗಳ ಹಿಂದೆ ಡೆನ್ಮಾರ್ಕಿನಲ್ಲಿ ತಯಾರಾಗಿ ಈಗ ಯಾರೂ ಮಾಡದ ಆಟದ ರೈಲಿನ ಕರೆಂಟು ಹರಿಯುವ ಕಂಬಿಗಳು. ರೈಲು ಆಗಲೇ ಲಕ್ಷ್ಮೀಪತಿಯವರ ಬಳಿ ಇತ್ತು: ನೀಲಿ ಎಂಜಿನ್ನು, ಮೂರು ಬೋಗಿ, ಮುಖದ ಬಣ್ಣ ಅಳಿಸಿಹೋಗಿ ಯಾವ ಕಡೆ ನೋಡುತ್ತಿದ್ದಾನೆಂದು ತಿಳಿಯದ ಒಬ್ಬ ಡ್ರೈವರು. ಹಳಿಯೂ ಇತ್ತು. ಆದರೆ ಹಳಿಯ ನಡುವೆ ಕೂರಿಸುವ ಲೋಹದ ಕಂಬಿಯೇ ಇರಲಿಲ್ಲ. ಅದಿಲ್ಲದೆ ಎಂಜಿನ್ನಿಗೆ ಜೀವ ಇಲ್ಲ. ಹಾಗಾಗಿ ವಿಮಾ ಕಚೇರಿಯ ಸೂಪರಿಂಟೆಂಡೆಂಟ್ ಲಕ್ಷ್ಮೀಪತಿ ಇಷ್ಟು ವರ್ಷವೂ ಬಾಗಿಲು ಹಾಕಿಕೊಂಡು, ಮಂಡಿಯೂರಿ, ರೈಲನ್ನು ಬೆರಳಲ್ಲಿ ತಳ್ಳಿಕೊಂಡೇ ಬಂದಿದ್ದರು. ಇವತ್ತು ಮೊದಲ ಸಲ ಅದು ತಾನಾಗಿ ಓಡಬೇಕಿತ್ತು.

ಇದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ತಡವಾಗಿ ಬಂದ ಗುಮಾಸ್ತನನ್ನು ಕನ್ನಡಕದ ಮೇಲಿಂದ ನೋಡಿಯೇ ಬೆವರಿಸುವ ಮನುಷ್ಯ ಮನೆಯಲ್ಲಿ ಆಟದ ಸಾಮಾನು ಹರಡಿಕೊಂಡು ಕೂರುತ್ತಾನೆಂದರೆ ನಾಳೆ ಯಾರು ಹೆದರುತ್ತಾರೆ? ಬಸವೇಶ್ವರನಗರದ ಆ ಹಳೇ ಬಾಡಿಗೆ ಮನೆಯ ಮಹಡಿಯನ್ನು ಅವರು ಬಿಡದೆ ಹಿಡಿದುಕೊಂಡಿದ್ದಕ್ಕೂ ಕಾರಣ ಈ ರೈಲೇ. ಅಡುಗೆಮನೆ ಬಾಗಿಲಿಂದ ಬಾಲ್ಕನಿವರೆಗೆ ರೈಲ್ವೆ ಪ್ಲಾಟ್‌ಫಾರ್ಮಿನಂತೆ ಚಾಚಿಕೊಂಡ ಹಾಲು, ಕನ್ನಡಿಯಂಥ ರೆಡ್ ಆಕ್ಸೈಡ್ ನೆಲ. ಮಳೆ ಬಂದರೆ ಸೋರುತ್ತಿತ್ತು, ಸ್ವಿಚ್ಚು ಮುಟ್ಟಿದರೆ ಒಮ್ಮೊಮ್ಮೆ ಜುಮ್ಮೆನ್ನುತ್ತಿತ್ತು. ಆದರೆ ಅಂಥ ಹಾಲು ಇಡೀ ಬಡಾವಣೆಯಲ್ಲಿ ಇನ್ನೊಂದಿರಲಿಲ್ಲ.

ಹೆಂಡತಿ ಅನಂತಲಕ್ಷ್ಮಿ ಮಲ್ಲತ್ತಹಳ್ಳಿಯ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದರು. ಲಕ್ಷ್ಮೀಪತಿ ಪಂಚೆ ಮೇಲೆ ಕಟ್ಟಿ ನೆಲದ ಮೇಲೆ ಕೂತರು. ಕಂಬಿಗಳು ಕಪ್ಪುಗಟ್ಟಿದ್ದವು. ಪೆನ್ಸಿಲ್ ಅಳಿಸುವ ರಬ್ಬರು ತೆಗೆದುಕೊಂಡು ಒಂದೊಂದನ್ನೇ, ಕೂಸಿಗೆ ಎಣ್ಣೆ ತಿಕ್ಕುವ ಅಜ್ಜಿಯ ತಾಳ್ಮೆಯಿಂದ ತಿಕ್ಕತೊಡಗಿದರು. ನಾಲ್ಕು ಕಂಬಿ ಮುಗಿಯುವಷ್ಟರಲ್ಲಿ ಕಾಲಿಂಗ್ ಬೆಲ್ಲು.

ಮಂಚದ ಮೇಲಿನ ಬೆಡ್‌ಶೀಟು ಎಳೆದು ರೈಲು, ಹಳಿ ಎಲ್ಲದರ ಮೇಲೂ ಹೊದಿಸಿ ಬಾಗಿಲು ತೆರೆದರು. ಮೂಲೆ ಮನೆಯ ಕೆಂಪಯ್ಯ ನಿಂತಿದ್ದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಒಂದು.

"ಕೊರಿಯರ್‌ನಲ್ಲಿ ಯಾರಾದ್ರೂ ಇಟ್ಟಿಗೆ ತರಿಸ್ತಾರೇನ್ರೀ? ನನ್ನ ಕೇಳಬಾರದಾ?" ಎನ್ನುತ್ತಾ ಪೇಪರು ಬಿಚ್ಚಿದರು. ಒಳಗೆ ಒಂದು ನಿಜವಾದ ಕೆಂಪು ಇಟ್ಟಿಗೆ. "ಮಾಗಡಿ ರೋಡಲ್ಲಿ ನಮ್ಮಳಿಯಂದೇ ಗೂಡು. ಬಡಿದು ನೋಡಿ, ಠಣ್ ಅನ್ನುತ್ತೆ."

"ಕೆಂಪಯ್ಯನೋರೇ, ನಾನು ಮನೆ ಕಟ್ಟಿಸ್ತಾ ಇಲ್ಲ."

ಕೆಂಪಯ್ಯ ಕಣ್ಣು ಮಿಟುಕಿಸಿದರು. "ಗೊತ್ತು ಬಿಡಿ. ಪಾಯ ಏಳೋವರೆಗೆ ಯಾರೂ ಬಾಯಿ ಬಿಡಬಾರದು. ದೃಷ್ಟಿ ಆಗುತ್ತೆ. ರಾಗಿಣಮ್ಮ ಹೇಳಿದ್ರು, ಅನ್ನಪೂರ್ಣೇಶ್ವರಿ ನಗರದಲ್ಲಂತೆ ಸೈಟು?"

"ನನಗೆ ಸೈಟೇ ಇಲ್ಲ!"

"ಹಂಗೇ ಹೇಳ್ತಾ ಇರಿ. ಸರಿಯಾಗಿದೆ" ಎಂದ ಕೆಂಪಯ್ಯನವರ ದೃಷ್ಟಿ ಲಕ್ಷ್ಮೀಪತಿಯವರ ಭುಜ ದಾಟಿ ಹಾಲಿನೊಳಗೆ ಹೋಯಿತು. ಬೆಡ್‌ಶೀಟಿನಡಿ ಮಲಗಿದ್ದ ರೈಲಿನ ಉಬ್ಬುತಗ್ಗಷ್ಟೇ ಕಾಣಿಸಿತು. ಅವರ ಮುಖ ಅರಳಿತು. "ಓಹೋ! ಪ್ಲಾನ್ ಮಾಡೆಲ್ಲೂ ರೆಡಿ! ಉದ್ದಕ್ಕೆ ಹಾಕಿದೀರಿ... ಡೂಪ್ಲೆಕ್ಸಾ?"

ಲಕ್ಷ್ಮೀಪತಿ ಬಾಗಿಲು ಹಾಕಿಕೊಂಡು ಅದಕ್ಕೆ ಬೆನ್ನು ಕೊಟ್ಟು ನಿಂತರು. ಕೆಂಪಯ್ಯ ಕೈಗಿಟ್ಟ ಇಟ್ಟಿಗೆ ಅವರ ಹತ್ತಿರವೇ ಉಳಿದಿತ್ತು.

ಮತ್ತೆ ಕೂತು ರಬ್ಬರು ಹಿಡಿದರೋ ಇಲ್ಲವೋ ಫೋನು. ಅನಂತಲಕ್ಷ್ಮಿ.

"ಏನೂಂದ್ರೆ, ನಿಜಾನಾ? ರಾಗಿಣಿ ಈಗ ಫೋನ್ ಮಾಡಿದ್ಲು. ನನಗೂ ಹೇಳದೆ ಸೈಟ್ ತಗೊಂಡು ಕೆಲಸಾನೂ ಶುರು ಮಾಡ್ಬಿಟ್ರಾ?" ದನಿಯಲ್ಲಿ ಇಪ್ಪತ್ತೈದು ವರ್ಷದ ಹಿಂದಿನ ಮದುವೆಮನೆಯ ನಡುಕ.

"ಇಲ್ಲ ಕಣೇ. ಅದು ಆ ರೈಲಿನ ಇಟ್ಟಿಗೆ. ಅವಳು ಕೇಳಿದ್ಲು, ನಾನು ಇಟ್ಟಿಗೆ ಅಂದೆ."

ಆ ಕಡೆ ಬಾಗಿಲು ಎಳೆದುಕೊಂಡ ಸದ್ದು. ಆಮೇಲೆ ಪಿಸುದನಿ. "ನಾನು ಆಗಲೇ ಅಕ್ಕನ ಹತ್ರ ಹೇಳ್ಬಿಟ್ಟೆ. ಅವಳ ಮನೆ ಗ್ರಾನೈಟಿನ ಪುರಾಣ ಕೇಳಿ ಕೇಳಿ ಸಾಕಾಗಿತ್ತು. ಈಗ ನೋಡಿ, ಬಾಯಿ ಮುಚ್ಕೊಂಡು ನನಗೆ ಎರಡನೇ ಸಲ ಹೋಳಿಗೆ ಬಡಿಸ್ತಾ ಇದಾಳೆ. ಸಂಜೆವರೆಗಾದ್ರೂ ಯಾರ ಹತ್ರಾನೂ ಇಲ್ಲ ಅನ್ನಬೇಡಿ. ನಿಮ್ಮ ದಮ್ಮಯ್ಯ."

"ಆಯ್ತು" ಎಂದರು ಲಕ್ಷ್ಮೀಪತಿ. ಹೆಂಡತಿಯ ಹೋಳಿಗೆ ಕಿತ್ತುಕೊಳ್ಳುವಷ್ಟು ಕ್ರೂರಿಯಲ್ಲ ಅವರು.

ಮಾತು ಕೊಟ್ಟ ಸ್ವಲ್ಪ ಹೊತ್ತಿಗೇ ಮೆಟ್ಟಿಲಲ್ಲಿ ಭಾರವಾದ ಹೆಜ್ಜೆ ಸದ್ದು. ಕೆಳಗಿನ ಮನೆಯಲ್ಲೇ ಇದ್ದ ಓನರು ಗಿರಿರಾಜ್. ಚಪ್ಪಲಿ ಬಿಡಲಿಲ್ಲ, ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತರು.

"ಇಷ್ಟು ವರ್ಷ ಒಂದೇ ಮನೆಯವರ ಥರ ಇದ್ವಿ. ನಿಮ್ಮ ಬಾಯಿಂದ ಕೇಳಬೇಕಾದ ಸುದ್ದೀನ ಹಾಲಿನ ಬೂತಲ್ಲಿ ಕೇಳಿದೆ. ಇರಲಿ, ಸಂತೋಷ."

"ಸಾರ್, ನೀವು ತಪ್ಪು ತಿಳ್ಕೊಂಡಿದೀರಿ..."

"ಖಾಲಿ ಮಾಡೋರನ್ನ ನಾನು ಹಿಡಿದಿಡೋನಲ್ಲ. ಸಂಜೆ ಒಬ್ಬರು ಮನೆ ನೋಡೋಕೆ ಬರ್ತಾರೆ. ಸ್ವಲ್ಪ ತೋರಿಸಿ, ಅಷ್ಟು ಸಾಕು."

ಹಾಗಾದರೆ ಈ ಉದ್ದನೆಯ ಹಾಲು ಕೈಬಿಟ್ಟಂತೆಯೇ! ಲಕ್ಷ್ಮೀಪತಿಯವರಿಗೆ ಅಕ್ಕನೂ ಮರೆತುಹೋದಳು, ಹೋಳಿಗೆಯೂ ಮರೆತುಹೋಯಿತು. "ಸಾರ್, ಮನೇನೂ ಇಲ್ಲ ಸೈಟೂ ಇಲ್ಲ. ನಾನು ತರಿಸಿದ್ದು ರೈಲು!"

ಗಿರಿರಾಜ್ ನೊಂದ ಮುಖದಲ್ಲಿ ಅವರನ್ನೇ ನೋಡಿದರು. "ಈ ವಯಸ್ಸಲ್ಲಿ ನನ್ನ ಮುಂದೆ ರೈಲು ಬಿಡಬೇಡಿ ಲಕ್ಷ್ಮೀಪತಿಗಳೇ" ಎಂದು ತಿರುಗಿ ಇಳಿದೇಬಿಟ್ಟರು. ಇವರು ಗೇಟಿನವರೆಗೆ ಓಡುವಷ್ಟರಲ್ಲಿ ಸ್ಕೂಟರು ತಿರುವು ದಾಟಿತ್ತು. ಎದುರು ಮನೆಯ ಕಾಂಪೌಂಡಿನ ಮೇಲೆ ರಾಗಿಣಿಯವರ ತಲೆ ಮೂಡಿತು. "ಗೃಹಪ್ರವೇಶಕ್ಕೆ ಮರೀಬೇಡಿ ಸಾರ್!"

ಮಧ್ಯಾಹ್ನವೆಲ್ಲ ಲಕ್ಷ್ಮೀಪತಿ ರಬ್ಬರು ತಿಕ್ಕುತ್ತಾ ಯೋಚಿಸಿದರು. ಕಂಬಿ ಹೊಳೆಯುತ್ತಾ ಬಂದಂತೆ ತಲೆಯಲ್ಲೂ ಒಂದು ಉಪಾಯ ಹೊಳೆಯಿತು. ನಿಜ ಹೇಳಿದರೆ ಯಾರೂ ನಂಬುವುದಿಲ್ಲ. ಅದರ ಬದಲು, ಬರುವ ಬಾಡಿಗೆದಾರನನ್ನೇ ಓಡಿಸಿಬಿಟ್ಟರೆ? ಅವನು ಓಡಿದರೆ ಗಿರಿರಾಜ್ ತಾವಾಗಿ ಬಂದು 'ನೀವೇ ಇರಿ' ಅನ್ನುತ್ತಾರೆ. ಮರ್ಯಾದೆಯೂ ಉಳಿಯುತ್ತದೆ, ಹಾಲೂ ಉಳಿಯುತ್ತದೆ. ಕಂಬಿ ಕೂರಿಸಿದ ಹಳಿಯನ್ನು ಹಾಲಿನುದ್ದಕ್ಕೂ ಜೋಡಿಸಿ, ರೈಲಿಗೆ ಕರೆಂಟು ಕೊಡುವ ಟ್ರಾನ್ಸ್‌ಫಾರ್ಮರಿನ ವೈರು ಸಿಕ್ಕಿಸಿ, ಎಲ್ಲದರ ಮೇಲೂ ಒಂದಕ್ಕೊಂದು ಗಂಟು ಹಾಕಿದ ಬೆಡ್‌ಶೀಟು ಎಳೆದು, ಲಕ್ಷ್ಮೀಪತಿ ಕಾದು ಕೂತರು.

ಸಂಜೆ ಗಿರಿರಾಜ್ ಜೊತೆ ಬಂದವರು ಗುಂಡಗಿನ ಮೈಕಟ್ಟಿನ, ನಗುಮುಖದ ಮನುಷ್ಯ. "ನಮಸ್ಕಾರ್ರಿ ಸರ, ನಾ ರುದ್ರಮುನಿ. ಗದಗ ಕಡಿಯಾಂವ" ಎಂದರು. ಬಂದವರೇ ಜೇಬಿನಿಂದ ಅಳತೆ ಟೇಪು ತೆಗೆದು ಹಾಲಿನ ಗೋಡೆಗೆ ಹಿಡಿದರು. ಲಕ್ಷ್ಮೀಪತಿ ಟೇಪಿನ ಹಿಂದೆಯೇ ನಡೆದರು. ಸೋಫಾ ಎಲ್ಲಿ ಹಾಕೋದು, ಟಿ.ವಿ. ಎಲ್ಲಿ ಇಡೋದು ಅಂತ ಈಗಲೇ ಲೆಕ್ಕ!

"ಅಳೆಯೋ ಮೊದಲು ಒಂದು ಮಾತು" ಎಂದು ಗಂಟಲು ಸರಿ ಮಾಡಿಕೊಂಡರು. "ಮಳೆ ಬಂದ್ರೆ ಈ ಮನೇಲಿ ಕೊಡೆ ಹಿಡಿದು ಊಟ ಮಾಡಬೇಕು."

"ಹೌದ್ರಿ?" ರುದ್ರಮುನಿ ಕುತೂಹಲದಿಂದ ತಲೆ ಎತ್ತಿದರು. "ಎಲ್ಲೆಲ್ಲಿ ಸೋರ್ತದ, ತೋರಸ್ರಿ."

ಲಕ್ಷ್ಮೀಪತಿ ತೋರಿಸಿದರು. ಸೋರುವ ಜಾಗ ತೋರಿಸಿದರು, ಸೋರದ ಜಾಗವನ್ನೂ ತೋರಿಸಿದರು. ಹೆದರಿ ಓಡಬೇಕಾಗಿದ್ದ ಮನುಷ್ಯ ಹೆಜ್ಜೆಹೆಜ್ಜೆಗೂ ಹುರುಪಾದರು. ಗೋಡೆಗೆ ಗೆಣ್ಣಿನಿಂದ ಬಡಿದು ಕಿವಿಯಿಟ್ಟು ಕೇಳಿದರು. ಬೇರೆ ದಾರಿಯಿಲ್ಲದೆ ಲಕ್ಷ್ಮೀಪತಿ ಇನ್ನೂ ಏರಿಸಿದರು. ಬಸ್ಸು ಹೋದರೆ ಕಿಟಕಿ ಅದುರುತ್ತದೆ. ಸ್ವಿಚ್ಚು ಹಾಕುವ ಮೊದಲು ದೇವರನ್ನು ನೆನೆಯಬೇಕು. ಬಚ್ಚಲ ಬಿರುಕಿನಲ್ಲಿ ಅರಳಿ ಗಿಡ ಹುಟ್ಟಿದೆ, ಬೇರು ಎಲ್ಲಿಗೆ ಹೋಗಿದೆಯೋ ದೇವರೇ ಬಲ್ಲ. ಬಾಗಿಲ ಬಳಿ ಗಿರಿರಾಜ್ ಬಿಳಿಚಿಕೊಳ್ಳುತ್ತಿದ್ದರು.

"ಮತ್ತ ಆ ತೊಲಿ ಹೆಂಗೈತ್ರಿ?"

"ತೊಲೆನಾ?" ಲಕ್ಷ್ಮೀಪತಿ ಮೂಲೆಯಲ್ಲಿದ್ದ ಕೊಡೆ ಎತ್ತಿಕೊಂಡರು. "ನೋಡಿ, ಸುಮ್ಮನೆ ಮುಟ್ಟಿದ್ರೆ ಸಾಕು" ಎಂದು ಮೇಲಕ್ಕೆ ತಿವಿದರು.

ಮುಟ್ಟಿದ್ದು ಸಾಕಾಯಿತು. ಪರಾತದಷ್ಟು ಅಗಲದ ಗಾರೆ ದಡಾರನೆ ಮೂವರ ನಡುವೆ ಬಿತ್ತು. ಹಾಲಿನ ತುಂಬ ಬಿಳಿ ಧೂಳು. ಸದ್ದಿಗೆ ರಾಗಿಣಿಯೂ ಕೆಂಪಯ್ಯನೂ ಮೆಟ್ಟಿಲು ಹತ್ತಿ ಓಡಿಬಂದರು. ಲಕ್ಷ್ಮೀಪತಿ ಗೆದ್ದವರಂತೆ ಕೊಡೆಯನ್ನು ಕಂಕುಳಿಗೆ ಸೇರಿಸಿ ಅಂದರು. "ಇಂಥಾ ಮನೇಲಿ ಮನುಷ್ಯರು ಇರ್ತಾರೇನ್ರೀ?"

ರುದ್ರಮುನಿ ಮೀಸೆಯ ಧೂಳು ಒರೆಸಿಕೊಂಡು ಗಿರಿರಾಜ್ ಕಡೆ ತಿರುಗಿದರು. "ನಾ ಏನ್ ಹೇಳಿದ್ದೆರಿ? ನೀವ ಬಣ್ಣ ಹಚ್ಚಿಸಿ ಸಣ್ಣಪುಟ್ಟ ರಿಪೇರಿ ಮಾಡಸೋಣು ಅಂದ್ರಿ. ಒಳಗ ಇದ್ದವರ ಬಾಯಿಲೇ ಕೇಳಿದ್ರಿಲ್ಲ? ಇದು ರಿಪೇರಿಗೆ ಬಗ್ಗೂ ಮನಿ ಅಲ್ರಿ. ಕೆಡವಿ ಕಟ್ಟೂದ ಛಲೋ."

"ಕೆಡವೋದಾ?" ಎಂದರು ಲಕ್ಷ್ಮೀಪತಿ. "ಇವರು ಬಾಡಿಗೆಗೆ ಬಂದೋರಲ್ವಾ?"

"ಯಾರು, ರುದ್ರಮುನಿಗಳಾ?" ಎಂದರು ಗಿರಿರಾಜ್. "ಇವರು ಕಂಟ್ರಾಕ್ಟರು. ನಾಲ್ಕು ಫ್ಲ್ಯಾಟ್ ಎಬ್ಬಿಸೋಣ ಅಂತ ವರ್ಷದಿಂದ ಹಿಂದೆ ಬಿದ್ದಿದಾರೆ. ನಾನೇ ಒಪ್ಪಿರಲಿಲ್ಲ. ನಿಮ್ಮಂಥೋರನ್ನ ಎಬ್ಬಿಸಿ ಹೇಗೆ ಕಳಿಸೋದು ಅನ್ನೋ ಸಂಕೋಚ. ನೀವೇ ಹೊರಟಿರಿ ಅಂತ ಗೊತ್ತಾದ ಮೇಲೆ, ಸರಿ ಒಂದ್ಸಲ ನೋಡ್ಲಿ ಅಂತ ಕರೆಸಿದೆ. ಆದ್ರೂ ಅನುಮಾನ ಇತ್ತು. ಈಗ ಇಲ್ಲ ಬಿಡಿ. ಮುಂದಿನ ತಿಂಗಳೇ ಕೆಲಸ ಶುರು."

ಲಕ್ಷ್ಮೀಪತಿಯವರ ಕಂಕುಳಿಂದ ಕೊಡೆ ಜಾರಿ ಬಿತ್ತು. ಅವರು ಬಗ್ಗಿ ಬೆಡ್‌ಶೀಟಿನ ತುದಿ ಹಿಡಿದು ಎಳೆದುಬಿಟ್ಟರು.

ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಬೂದು ಹಳಿ, ನಡುವೆ ಮಿರಮಿರ ಹೊಳೆಯುವ ಕಂಬಿ, ಮೇಲೆ ನೀಲಿ ಎಂಜಿನ್ನು.

"ಇದೇ ನನ್ನ ಇಟ್ಟಿಗೆ! ಇದೇ ನನ್ನ ಮನೆ! ಇದಕ್ಕೋಸ್ಕರ ನನಗೆ ಈ ಹಾಲು ಬೇಕು!" ಸೂಪರಿಂಟೆಂಡೆಂಟರ ದನಿ ಒಡೆದಿತ್ತು.

ಲಕ್ಷ್ಮೀಪತಿ ಕೂತು ಟ್ರಾನ್ಸ್‌ಫಾರ್ಮರಿನ ಗುಂಡಿ ತಿರುಗಿಸಿದರು. ಎಂಜಿನ್ನು ಒಮ್ಮೆ ಕೆಮ್ಮಿತು, ನಡುಗಿತು. ಆಮೇಲೆ, ಎಷ್ಟೋ ವರ್ಷದ ನಿದ್ದೆಯಿಂದ ಎದ್ದಂತೆ, ಬೋಗಿಗಳನ್ನು ಎಳೆದುಕೊಂಡು ತಾನಾಗಿ ಹೊರಟಿತು. ಗಾರೆಯ ಗುಡ್ಡೆಯ ಪಕ್ಕದಿಂದ, ರಾಗಿಣಿಯವರ ಸೀರೆಯ ಅಂಚಿನ ಹತ್ತಿರದಿಂದ ಕಟಕಟ ಎನ್ನುತ್ತಾ ಬಾಲ್ಕನಿ ಬಾಗಿಲವರೆಗೆ ಹೋಗಿ ನಿಂತಿತು. ಗುಂಡಿಯನ್ನು ಆ ಕಡೆ ತಿರುಗಿಸಿದಾಗ ಹಿಂದೆ ಹಿಂದೆ ಬಂತು.

"ಅಯ್ಯೋ ಶಿವನೇ!" ಎಂದರು ಕೆಂಪಯ್ಯ. ಮಂಡಿನೋವಿನ ಮನುಷ್ಯ ಆಗಲೇ ನೆಲಕ್ಕೆ ಕೂತಾಗಿತ್ತು. ರುದ್ರಮುನಿ ಧೂಳಿನಲ್ಲೇ ಹೊಟ್ಟೆಯ ಮೇಲೆ ಮಲಗಿ ಚಕ್ರದೊಳಗೆ ಇಣುಕುತ್ತಿದ್ದರು. "ಕರೆಂಟ್ ಹೆಂಗ ಹತ್ತತೈತ್ರಿ? ನಡುವಿನ ಕಂಬಿಯಿಂದ? ಆಹಾ, ಏನ್ ತಲಿ ಐತ್ರಿ!" ಗಿರಿರಾಜ್ ಚಪ್ಪಲಿ ಬಿಟ್ಟು ಒಳಗೆ ಬಂದು ಚಕ್ಕಳಮಕ್ಕಳ ಹಾಕಿದರು.

"ಛೇ, ಇದನ್ನ ಮೊದಲೇ ಹೇಳಬಾರದಾಗಿತ್ತೇನ್ರೀ?"

"ಹೇಳಿದೆನಲ್ಲ ಸಾರ್! ರೈಲು ಅಂದೆ."

"ಅಂದ್ರಿ" ಎಂದು ಒಪ್ಪಿಕೊಂಡರು ಗಿರಿರಾಜ್. ಮುಖದಲ್ಲಿ ನಿಜವಾದ ಮರುಕ. ಲಕ್ಷ್ಮೀಪತಿಯವರಿಗೆ ಆಸೆ ಚಿಗುರಿತು. ಗಿರಿರಾಜ್ ಮೇಲಿನ ತೊಲೆ ನೋಡಿದರು, ಬಿದ್ದ ಗಾರೆ ನೋಡಿದರು. "ಆದ್ರೆ ಇಷ್ಟೆಲ್ಲ ತೋರಿಸಿಬಿಟ್ರಿ. ಇನ್ನು ಇದರ ಕೆಳಗೆ ನನಗೇ ನಿದ್ದೆ ಬರಲ್ಲ. ಕೆಡವಲೇಬೇಕು. ಕಟ್ಟಿದ ಮೇಲೆ ಮೊದಲ ಫ್ಲ್ಯಾಟು ನಿಮಗೇ ಕೊಡ್ತೀನಿ, ಮಾತು ಕೊಟ್ಟೆ."

"ಅದರ ಹಾಲು ಎಷ್ಟುದ್ದ ಬರುತ್ತೆ?"

ಮಲಗಿದಲ್ಲಿಂದಲೇ ರುದ್ರಮುನಿ ಉತ್ತರ ಕೊಟ್ಟರು. "ಹತ್ತು ಫೂಟ್ ಬರ್ತದ್ರಿ. ಅದರಾಗ ಅರ್ಧ ಓಪನ್ ಕಿಚನ್ನು. ಅದಿರಲಿ, ಇನ್ನೊಮ್ಮೆ ಬಿಡ್ರಿ ಸರ."

"ಹೌದು ಸಾರ್, ಇನ್ನೊಂದ್ಸಲ!" ಎಂದರು ರಾಗಿಣಿ. ಅವರ ಕೈಯಲ್ಲಿ ಫೋನು ವಿಡಿಯೋಗೆ ಸಜ್ಜಾಗಿತ್ತು.

ಲಕ್ಷ್ಮೀಪತಿ ಗುಂಡಿ ತಿರುಗಿಸಿದರು. ರೈಲು ಹೊರಟಿತು. ಎಲ್ಲರ ತಲೆಗಳೂ ಅದರ ಜೊತೆ ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗಿದವು. ಅರ್ಧ ದಾರಿಯಲ್ಲಿ ಕೆಂಪಯ್ಯನವರಿಗೆ ಒಂದು ಸಂದೇಹ ಬಂತು.

"ಎಲ್ಲಾ ಸರಿ. ಇದು ಕೂಗಲ್ವಾ?"

"ಇಲ್ಲ. ಈ ಮಾಡೆಲ್ಲಿಗೆ ಕೂಗು ಇಲ್ಲ."

"ಥೂ, ಕೂಗದ ರೈಲು ಏನ್ ರೈಲು!"

ಎಲ್ಲರೂ ಲಕ್ಷ್ಮೀಪತಿಯವರ ಮುಖವನ್ನೇ ನೋಡಿದರು. ವಿಮಾ ಕಚೇರಿಯ ಸೂಪರಿಂಟೆಂಡೆಂಟರು ಉದ್ದನೆಯ ಹಾಲನ್ನು ಒಮ್ಮೆ ತುದಿಯವರೆಗೆ ನೋಡಿ, ಎದೆ ತುಂಬ ಉಸಿರೆಳೆದುಕೊಂಡು, ತಲೆ ಮೇಲೆತ್ತಿ ಕೂಗಿದರು.

"ಕೂ...!"

ಕೂಗು ಎಷ್ಟು ಚೆನ್ನಾಗಿ ಬಂತೆಂದರೆ ರಾಗಿಣಿಯವರ ಕಣ್ಣಲ್ಲೂ ನೀರು ಬಂತು.